ಕೆರೆ ಏರಿಯ ಮೇಲೆ ಖಳನಾಯಕಿ

ಪಾಂಡವಪುರದಲ್ಲಿ ಮದುವೆ ವಿಡಿಯೊ ತೆಗೆದುಕೊಂಡು ನೆಮ್ಮದಿಯಾಗಿದ್ದವನು ನಾನು. ನಾಗಮಂಗಲದ ಚಿನ್ನಬೆಳ್ಳಿ ಅಂಗಡಿಯವರೊಬ್ಬರು ಬಂದು, ಆಕಾಶದಲ್ಲಿ ಹಾರಾಡುವ ವೀರನ ಸಿನಿಮಾ ಮಾಡೋಣ, ದುಡ್ಡು ನನ್ನದು, ವೀರನೂ ನಾನೇ ಎಂದರು. ನಮ್ಮ ಕಡೆ ಪೌರಾಣಿಕ ನಾಟಕಗಳಲ್ಲಿ ದುಡ್ಡು ಹಾಕಿದವರೇ ಪಾತ್ರ ಮಾಡುವುದು ಪದ್ಧತಿ. ಸಿನಿಮಾಕ್ಕೆ ಅದು ಅನ್ವಯಿಸುವುದಿಲ್ಲ ಎನ್ನಲು ನನಗೆ ಕಾರಣ ಸಿಗಲಿಲ್ಲ. ಅವರ ಹೊಟ್ಟೆ ಅವರಿಗಿಂತ ಸ್ವಲ್ಪ ಮುಂದೆ ನಡೆಯುತ್ತಿತ್ತು. ಹಾರಿಸುವ ಕ್ರೇನು ತಡೆಯುತ್ತದೆ ಎಂದುಕೊಂಡೆ.

ಖಳನಾಯಕಿಯ ಪಾತ್ರಕ್ಕೆ ನಾನು ಕೇಳಿದ್ದು ಕೆ.ಆರ್. ಪೇಟೆಯ ರಂಗನಟಿಯೊಬ್ಬರನ್ನು. ನಾಟಕದ ಗಂಡು ಪಾತ್ರಗಳನ್ನು ಊರಿನವರೇ ಮಾಡಿದರೂ ಹೆಣ್ಣು ಪಾತ್ರಗಳಿಗೆ ವೃತ್ತಿನಟಿಯರನ್ನು ಕರೆಸುತ್ತಾರೆ. ಅವರಲ್ಲಿ ಈಕೆಯದು ದೊಡ್ಡ ಹೆಸರು. ತುಂಬಿದ ಸಭೆಯಲ್ಲಿ ಸೀರೆ ಸೆಳೆಸಿಕೊಂಡು ಗೋಳಾಡುವ ರಾಣಿಯ ಪಾತ್ರವೆಂದರೆ ಈಕೆಯೇ. ಈಕೆ ಬಿಡುವಾಗಿದ್ದಾರೆ ಎಂದು ಗೊತ್ತಾದ ಮೇಲೆಯೇ ಊರುಗಳಲ್ಲಿ ನಾಟಕದ ದಿನ ನಿಗದಿಯಾಗುತ್ತಿತ್ತು. ಮನೆಯಲ್ಲಿ ಪ್ರಶಸ್ತಿ ಫಲಕಗಳು ಎಷ್ಟಿದ್ದವೆಂದರೆ ಟೀವಿ ಅರ್ಧ ಮಾತ್ರ ಕಾಣುತ್ತಿತ್ತು.

ಒಪ್ಪುವುದಿಲ್ಲ ಎಂದುಕೊಂಡೇ ಹೋಗಿದ್ದೆ. ಆಕೆ ಕತೆಯನ್ನೂ ಕೇಳಲಿಲ್ಲ.

"ಅದ್ರಲ್ಲಿ ನಾನು ಅಳ್ಬೇಕಾ?"

"ಇಲ್ಲಮ್ಮ. ಕೆರೆ ಏರಿ ಒಡ್ದು ಊರು ಮುಳುಗುಸ್ತೀನಿ ಅಂತ ಬರ್ಬೇಕು."

"ಜನ ಎದ್ರುಕತಾರಾ?"

"ಎದ್ರುಕಬೇಕು."

"ಅಂಗಾರೆ ಬತ್ತೀನಿ ಬುಡು. ವಯಸ್ಸೆಲ್ಲ ಅತ್ತಿದ್ದೇ ಆಯ್ತು. ಒಂದ್ಸಲನಾರ ನನ್ ನೋಡಿ ಜನ ಎದ್ರುಕಳದ ನಾನು ನೋಡ್ಬೇಕು ಕಣಪ್ಪ."

ಆಕೆ ಅದನ್ನು ನಗುತ್ತಾ ಹೇಳಲಿಲ್ಲ.

ತೊಣ್ಣೂರಿನ ಕೆರೆ ಏರಿಯ ಮೇಲೆ ಚಿತ್ರೀಕರಣ. ಆಕೆಗೆ ಕಪ್ಪು ರೆಕ್ಸಿನ್ನಿನ ನಿಲುವಂಗಿ, ಕಣ್ಣಿನ ಸುತ್ತ ಕಾಡಿಗೆ. ಸುತ್ತಲಿನ ಊರಿನವರನ್ನು ಸೇರಿಸಿ, ಈಯಮ್ಮನನ್ನು ಕಂಡ ಕೂಡಲೇ ಕಿರುಚಿ ಓಡಬೇಕು ಎಂದು ಹೇಳಿಕೊಟ್ಟಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ಆಕೆ ಕೈ ಎತ್ತಿ ಅಟ್ಟಹಾಸ ಮಾಡುತ್ತಾ ಏರಿ ಹತ್ತಿ ಬಂದರು. ಒಬ್ಬರೂ ಓಡಲಿಲ್ಲ. ಮುಂದಿದ್ದ ಹೆಂಗಸರು ಕೈ ಮುಗಿದರು. ವಯಸ್ಸಾದ ಒಬ್ಬಾಕೆ ಕನಕಾಂಬರದ ಹಾರ ಹಿಡಿದುಕೊಂಡು ಕ್ಯಾಮೆರಾ ಮುಂದೆಯೇ ಹಾದು ಹೋಗಿ ಖಳನಾಯಕಿಯ ಕೊರಳಿಗೆ ಹಾಕಿದರು. ನಾಟಕದ ನಡುವೆ ರಂಗ ಹತ್ತಿ ಹಾರ ಹಾಕುವುದು ಇಲ್ಲಿಯವರಿಗೆ ಅಭ್ಯಾಸ. ಹಾಕಿಸಿಕೊಂಡು ವಂದಿಸುವುದು ಆಕೆಗೂ ಅಭ್ಯಾಸ. ವಂದಿಸಿ, ಊರು ನಾಶ ಮಾಡುವುದನ್ನು ಮುಂದುವರಿಸಿದರು.

ಎರಡನೆಯ ಸಲ ನಮ್ಮ ವೀರನನ್ನು ಕ್ರೇನಿನಿಂದ ಇಳಿಸಿದೆವು. ಅವರು ಆಕೆಯ ಮೇಲೆ ಬಲೆ ಬೀಸಿದರು. ಈಗ ಜನ ಓಡಿದರು, ವೀರನ ಕಡೆಗೆ.

"ಲೇ, ಎಂಗಸ್ರ ಮ್ಯಾಲೆ ಬಲೆ ಆಕ್ತೀಯೇನ್ಲಾ?" ಎಂದು ಒಬ್ಬ ಅವರ ಕಾಲು ಹಿಡಿದುಕೊಂಡ. ವೀರನ ಬೆನ್ನಿಗೆ ಇಳಿಬಿಟ್ಟಿದ್ದ ಮೇಲಂಗಿ ಇನ್ನೊಬ್ಬನ ಕೈಗೆ ಹರಿದು ಬಂತು. ಶ್ರೀರಂಗಪಟ್ಟಣದಿಂದ ಕ್ರೇನು ತಂದಿದ್ದ ಸಾಹೇಬರು ವೀರನನ್ನು ಸರ್ರನೆ ಮೇಲಕ್ಕೆ ಎತ್ತಿ, "ಅಲ್ಲೇ ಇರಿ ಭಾಯ್, ಕೆಳಗೆ ಖತ್ರಾ ಐತೆ" ಎಂದರು. ಎಲ್ಲರೂ ಟೀ ಕುಡಿದು ಮುಗಿಸುವವರೆಗೂ ಲೋಕರಕ್ಷಕರು ಕೆರೆಯ ಮೇಲೆ ತೂಗುತ್ತಿದ್ದರು.

ನನಗೆ ತಲೆ ಕೆಟ್ಟಿತು. ಮೈಕು ಹಿಡಿದು, ಈಯಮ್ಮ ಕೆಟ್ಟವಳು ಎಂದು ಜನರಿಗೆ ಸಾರಿದೆ. "ಬಾಯಿಗೆ ಬಂದಂಗೆ ಮಾತಾಡ್ಬ್ಯಾಡ ಕಣ್ಲಾ" ಎಂಬ ಉತ್ತರ ಬಂತು. ಆಕೆಯ ಬಳಿ ಹೋಗಿ ಸೋಲೊಪ್ಪಿಕೊಂಡೆ.

"ಇದು ಆಗೋದಲ್ಲಮ್ಮ. ಬೇರೆಯವ್ರನ್ನ ಹುಡುಕ್ತೀನಿ. ನೀವು ವೀರನ ತಾಯಿ ಪಾತ್ರ ಮಾಡಿ."

"ಅದ್ರಲ್ಲಿ ಏನ್ ಮಾಡ್ಬೇಕು?"

"ಅಳ್ಬೇಕು."

ಆಕೆಯ ಮುಖ ಸಣ್ಣದಾಯಿತು. ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟು, "ಇನ್ನೊಂದು ಟೇಕು. ಆಮೇಲೆ ನೀನೇಳ್ದಂಗೆ" ಎಂದು ಎದ್ದರು.

ಈ ಸಲ ಆಕೆ ನಗಲಿಲ್ಲ, ಕೈಯನ್ನೂ ಎತ್ತಲಿಲ್ಲ. ಸುಮ್ಮನೆ ನಡೆದು ಬಂದು ಜನರ ಮುಂದೆ ನಿಂತರು. ಲೋಕವನ್ನೇ ಆಳುತ್ತೇನೆ ಎಂದು ನಾನು ಬರೆದುಕೊಟ್ಟಿದ್ದ ಮಾತನ್ನು ಬಿಟ್ಟೇಬಿಟ್ಟರು.

"ಅವ್ನು ಸೀರೆ ಎಳೀವಾಗ ನಾನು ಅಳ್ತಿದ್ನಲ್ಲ, ಒನ್ಸ್ ಮೋರ್ ಅಂತ ಕೂಗಿದ್ರಲ್ಲ. ಕೂಗ್ದೋರು ಮುಂದಕ್ಕೆ ಬನ್ನಿ."

ಧ್ವನಿ ಏರಿಸಲೂ ಇಲ್ಲ. ಹಾಡು ಮನಸ್ಸಿಗೆ ಹಿಡಿಸಿದರೆ ಒನ್ಸ್ ಮೋರ್ ಕೂಗುವವರು ನಾವು. ಆ ದೃಶ್ಯದಲ್ಲಿ ಆಕೆ ಗೋಳಾಡುತ್ತಾ ಹಾಡುವುದು ಎಲ್ಲರಿಗೂ ಬಹಳ ಹಿಡಿಸುತ್ತಿತ್ತು. ಕೂಗಿದರೆ ಸೀರೆಯನ್ನು ಮತ್ತೆ ಸುತ್ತಿಕೊಂಡು ಬಂದು, ಮತ್ತೆ ಮೊದಲಿನಿಂದ ಎಳೆಸಿಕೊಳ್ಳಬೇಕು.

ಯಾರೂ ಮುಂದೆ ಬರಲಿಲ್ಲ. ಹಾರ ಹಾಕಿದ್ದ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಕೆ ಒಂದು ಹೆಜ್ಜೆ ಇಟ್ಟರು. ಜನ ಹಿಂದೆ ಸರಿದರು. ಇನ್ನೊಂದು ಹೆಜ್ಜೆ ಇಟ್ಟರು. ವೀರನ ಕಾಲು ಹಿಡಿದಿದ್ದವನು ಮೊದಲು ತಿರುಗಿದ, ಅವನ ಹಿಂದೆ ಉಳಿದವರು ಏರಿ ಇಳಿದು ಎದ್ದೆವೋ ಬಿದ್ದೆವೋ ಎಂದು ಓಡಿದರು. ನಿಜವಾದ ಭಯ ಅದು. ನನಗೂ ಆಯಿತು.

ಏರಿಯ ಮೇಲೆ ಆಕೆಯೊಬ್ಬರೇ ಉಳಿದರು. ಸ್ವಲ್ಪ ಹೊತ್ತು ಜನ ಓಡಿಹೋದ ಕಡೆಯೇ ನೋಡುತ್ತಿದ್ದು, ಆಮೇಲೆ ನನ್ನ ಕಡೆ ತಿರುಗಿ "ಬಂತಾ?" ಎಂದರು.

ಕ್ಯಾಮೆರಾ ನೋಡಿದೆ. ಜನರ ಜೊತೆ ನಾನೂ ಹಿಂದೆ ಸರಿದಿದ್ದರಿಂದ ಫೋಕಸ್ ತಪ್ಪಿತ್ತು. "ಬಂತಮ್ಮ" ಎಂದೆ.

ಸಿನಿಮಾ ನೋಡಿದವರು ಈಗಲೂ ಕೇಳುತ್ತಾರೆ, ಅಷ್ಟು ದೊಡ್ಡ ನಟಿಯನ್ನು ಹಾಕಿಕೊಂಡು ಆ ಒಂದು ಶಾಟು ಯಾಕೆ ಮಸುಕಾಗಿದೆ, ಇನ್ನೊಂದು ಸಲ ತೆಗೆಯಬಾರದಿತ್ತೇ ಎಂದು. ಇನ್ನೊಂದು ಸಲ ಮಾಡಿ ಎಂದು ಆಕೆಗೆ ಹೇಳಲು ನನಗೆ ಬಾಯಿ ಬರಲಿಲ್ಲ.