ಐದು ಮಾತಿಗಿಂತ ಕಡಿಮೆ ಇದ್ದವರು

ಮಾವನ ಜೊತೆ ನಾನು ಮೊದಲ ಸಲ ಸೂಪರ್‌ಹೀರೋ ಸಿನಿಮಾಕ್ಕೆ ಹೋದದ್ದು ಬೇರೆ ದಾರಿಯಿಲ್ಲದೆ. ನನ್ನ ಗಂಡ ಒಂದು ಭಾನುವಾರದ ಮಧ್ಯಾಹ್ನದ ಆಟಕ್ಕೆ ನಮ್ಮಿಬ್ಬರಿಗೂ ಟಿಕೆಟ್ ತೆಗೆದಿಟ್ಟಿದ್ದರು. ಅವರದು ವಿಮಾನ ನಿಲ್ದಾಣದಲ್ಲಿ ಪಾಳಿಯ ಕೆಲಸ. ಅವತ್ತು ಬೆಳಿಗ್ಗೆ ಫೋನ್ ಬಂತು, ಡ್ಯೂಟಿಗೆ ಹೋಗಲೇಬೇಕಾಯಿತು. "ಅಪ್ಪನ್ನ ಕರ್ಕೊಂಡ್ ಹೋಗು, ಟಿಕೆಟ್ ಯಾಕ್ ವೇಸ್ಟ್ ಮಾಡ್ತೀಯ" ಎಂದು ಶೂ ಕಟ್ಟಿಕೊಳ್ಳುತ್ತಲೇ ಹೇಳಿ ಹೊರಟುಬಿಟ್ಟರು. ನಮ್ಮ ಮದುವೆಯಾಗಿ ಆರು ತಿಂಗಳಾಗಿತ್ತು. ಅತ್ತೆ ಅದಕ್ಕೂ ಮೊದಲೇ ತೀರಿಹೋಗಿದ್ದರು. ಮಾವನ ಹತ್ತಿರ ನಾನು ಅಲ್ಲಿಯವರೆಗೆ ಆಡಿದ ಮಾತೆಂದರೆ ಕಾಫಿ ಕೊಡಲೇ, ತಟ್ಟೆ ಹಾಕಲೇ, ಅಷ್ಟೇ.

ಬ್ಯಾಟರಾಯನಪುರದ ನಮ್ಮ ಮನೆಯಿಂದ ಹೆಬ್ಬಾಳದ ಮಾಲ್‌ಗೆ ಬಸ್ಸಿನಲ್ಲಿ ಹೋದೆವು. ಸಿನಿಮಾ ಇಂಗ್ಲಿಷಿನದು. ಮೊದಲ ಹೊಡೆದಾಟ ಶುರುವಾಗುತ್ತಲೇ ಮಾವ ಕೆನ್ನೆಗೆ ಕೈ ಕೊಟ್ಟು ನಿದ್ದೆ ಹೋದರು. ಪಾಪ, ಯಾಕಾದರೂ ಕರೆತಂದೆನೋ ಎನ್ನಿಸಿತು. ಆದರೆ ಗದ್ದಲ ನಿಂತು ಯಾರೋ ಇಬ್ಬರು ಮಾತಾಡತೊಡಗಿದರೆ ಸಾಕು, ಅವರು ಎದ್ದು ನೆಟ್ಟಗೆ ಕೂರುತ್ತಿದ್ದರು.

ಆಟ ಬಿಟ್ಟ ಮೇಲೆ ಫ್ಲೈಓವರ್ ಕೆಳಗೆ ಬಸ್ಸಿಗೆ ಕಾಯುತ್ತಾ, ಏನಾದರೂ ಮಾತಾಡಬೇಕಲ್ಲ ಎಂದು, "ಹೇಗಿತ್ತು ಮಾವ?" ಎಂದೆ.

"ಆ ಓಟ್ಲು ಎಂಗಸು ಚೆನ್ನಾಗ್ ಮಾಡಿದ್ಲು ಕಣಮ್ಮ" ಎಂದರು.

ಮಾವ ಬಾಗಲೂರು ಕಡೆಯವರು. 'ಹ' ಅವರ ಬಾಯಲ್ಲಿ 'ಅ' ಆಗಿಬಿಡುತ್ತಿತ್ತು. ಹೋಟೆಲಿನ ಹೆಂಗಸು ಎಂದು ಅರ್ಥವಾಯಿತು, ಆದರೆ ಯಾವ ಹೆಂಗಸೆಂದು ನೆನಪಾಗಲಿಲ್ಲ.

"ಅದೇ, ಗೋಡೆ ಬೀಳೋಕ್ ಮುಂಚೆ ಕಾಫಿ ತಂದ್ ಇಟ್ಲಲ್ಲ. ಮೂರೇ ಮಾತು ಅವ್ಳಿಗೆ. ಮಾತಾಡ್ತಾ ಇದ್ರೂ ಟೇಬಲ್ ಒರ್ಸೋದ್ ಬಿಡ್ಲಿಲ್ಲ. ದಿನಾ ಒರ್ಸೋಳ ಕೈ ಅದು. ಎಲ್ಲಿಂದ ಇಡ್ಕೊಂಡ್ ಬಂದ್ರೋ ಅವ್ಳನ್ನ!"

ಎರಡೂವರೆ ಗಂಟೆ ಊರು ಉರಿದು, ಆಕಾಶ ಹರಿದು, ಭೂಮಿ ಉಳಿದಿತ್ತು. ಮಾವನಿಗೆ ನೆನಪಿದ್ದದ್ದು ಟೇಬಲ್ ಒರೆಸಿದ ಹೆಂಗಸು. ಬಸ್ಸಿನಲ್ಲಿ ಕೂತ ಮೇಲೆ ನನಗೂ ಅವಳ ಕೈ ಕಣ್ಣಿಗೆ ಬಂತು. ಹೌದಲ್ಲ ಎನ್ನಿಸಿತು.

ಮಾವನ ಕಥೆ ಗೊತ್ತಾದದ್ದು ಆ ದಿನವೇ. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಅವರು ಫಿಟ್ಟರ್ ಆಗಿದ್ದರು. ಅಲ್ಲಿಯ ಕನ್ನಡ ಸಂಘ ಪ್ರತಿ ನವೆಂಬರಿನಲ್ಲಿ ನಾಟಕ ಆಡುತ್ತಿತ್ತು. ಮಾವ ಸೇರಿದ ವರ್ಷದಿಂದ ನಿವೃತ್ತರಾಗುವವರೆಗೆ ಒಂದು ವರ್ಷವೂ ತಪ್ಪಿಸದೆ ಬಣ್ಣ ಹಚ್ಚಿದ್ದರು. ದ್ವಾರಪಾಲಕ, ದೂತ, ಪಕ್ಕದ ಮನೆಯವ, ಎರಡನೇ ಸೈನಿಕ. ಇದಕ್ಕಿಂತ ದೊಡ್ಡ ಪಾತ್ರ ಸಿಗಲಿಲ್ಲ. ನಾಟಕ ಮಾಡಿಸುತ್ತಿದ್ದವರು ಲೆಕ್ಕಪತ್ರ ವಿಭಾಗದ ಒಬ್ಬ ಗುಮಾಸ್ತರು. "ನಿನ್ ಬಾಯಲ್ಲಿ 'ಹ' ಹೊರಡಲ್ಲ ಕಣಯ್ಯ. ಐದು ಮಾತಿಗಿಂತ ಜಾಸ್ತಿ ಕೊಟ್ರೆ ನಾಟಕ ಕೆಡತ್ತೆ" ಎಂದು ಅವರು ಮೊದಲ ವರ್ಷವೇ ಹೇಳಿದ್ದರಂತೆ. ಇದನ್ನು ಹೇಳುವಾಗ ಮಾವನ ಮುಖದಲ್ಲಿ ಕಹಿ ಇರಲಿಲ್ಲ. "ಅವ್ರ್ ಏಳಿದ್ದು ಸರೀನೇ. ಆದ್ರೆ ಐದ್ ಮಾತು ಅಂದ್ರೆ ಕಮ್ಮಿ ಅಲ್ಲ" ಎಂದರು.

ಆಮೇಲೆ ಅದೇ ನಮ್ಮ ರೂಢಿಯಾಯಿತು. ಹೊಸ ಸೂಪರ್‌ಹೀರೋ ಸಿನಿಮಾ ಬಂದರೆ ನನ್ನ ಗಂಡ ಇಬ್ಬರಿಗೆ ಟಿಕೆಟ್ ತೆಗೆಯುತ್ತಿದ್ದರು, ಹೋಗುತ್ತಿದ್ದವರು ನಾನು ಮತ್ತು ಮಾವ. ಬೇರೆ ಸಿನಿಮಾ ಮಾವನಿಗೆ ಬೇಡವಾಗಿತ್ತು. ಊರಿಗೆ ಊರೇ ಓಡುವ ಈ ಸಿನಿಮಾಗಳಲ್ಲಿ ಸಿಗುವಷ್ಟು ಚಿಲ್ಲರೆ ಪಾತ್ರಗಳು ಬೇರೆಲ್ಲೂ ಸಿಗುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ. ಆಟ ಮುಗಿಸಿ ಕೊಡಿಗೇಹಳ್ಳಿ ಗೇಟಿನ ದರ್ಶಿನಿಗೆ ಬರುತ್ತಿದ್ದೆವು. ಅವರಿಗೆ ಖಾಲಿ ದೋಸೆ, ನನಗೆ ಕಾಫಿ. ಐದು ಮಾತಿಗಿಂತ ಕಡಿಮೆ ಇದ್ದವರಿಗೆ ಮಾತ್ರ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್. ಹೀರೋಗೆ ಮಾರ್ಕ್ಸ್ ಇಲ್ಲ.

"ಅವ್ನಿಗೇನು ಬಿಡು, ಬಟ್ಟೆನೇ ಅರ್ಧ ಕೆಲ್ಸ ಮಾಡ್ತದೆ" ಎನ್ನುತ್ತಿದ್ದರು.

ನಾನು ಪ್ರೈಮರಿ ಶಾಲೆಯ ಕನ್ನಡ ಟೀಚರು. ಮಾರ್ಕ್ಸ್ ಹಾಕುವುದು ನನಗೆ ಹೊಸದಲ್ಲ. ಆದರೂ ನಮ್ಮಿಬ್ಬರಿಗೆ ಹೊಂದುತ್ತಿರಲಿಲ್ಲ. ಒಂದು ಸಿನಿಮಾದಲ್ಲಿ ಒಬ್ಬ ಪೊಲೀಸಿನವ ಉರಿಯುವ ಬೀದಿಯಲ್ಲಿ ನಿಂತು ಒಂದು ಜೋಕ್ ಹೇಳುತ್ತಾನೆ. ಇಡೀ ಥಿಯೇಟರ್ ನಕ್ಕಿತ್ತು, ನಾನೂ ನಕ್ಕಿದ್ದೆ. ಎಂಟು ಕೊಟ್ಟೆ. ಮಾವ ಎರಡು ಕೊಟ್ಟರು.

"ಯಾಕ್ ಮಾವ, ಅಷ್ಟ್ ಜನ ನಕ್ರಲ್ಲ!"

"ನಗ್ತಾರೆ ಅಂತ ಅವ್ನಿಗೆ ಮೊದ್ಲೇ ಗೊತ್ತಿತ್ತು ಕಣಮ್ಮ. ಬೆನ್ನಿಂದೆ ಬೀದಿ ಉರೀತಾ ಐತೆ, ಇವ್ನು ನಮ್ ಕಡೆ ನೋಡ್ತಾನೆ. ಮಾತು ಬರೆದೋನ್ದೂ ತಪ್ಪು, ಇವ್ನ್ದೂ ತಪ್ಪು."

ನಾನು ಬಿಡಲಿಲ್ಲ. ವಾದ ಮಾಡುತ್ತಾ ಮನೆಯ ಗೇಟಿನವರೆಗೂ ಬಂದೆವು. ಪಕ್ಕದ ಮನೆಯವರು, ಏನೋ ಸೊಸೆ ಮಾವನಿಗೆ ಜಗಳ ಎಂದು ಕಾಂಪೌಂಡಿನಿಂದ ಇಣುಕಿ ನೋಡಿದರು.

ಕೆಲವು ವರ್ಷಗಳ ನಂತರ ಈ ಸಿನಿಮಾಗಳು ಕನ್ನಡಕ್ಕೆ ಡಬ್ ಆಗಿ ಬರತೊಡಗಿದವು. ಮಾವನಿಗೆ ಖುಷಿಯೋ ಖುಷಿ. ಇನ್ನು ಪರದೆಯ ಮೇಲಿನವರು ಆಡುವ ಮಾತೂ ಅರ್ಥವಾಗುತ್ತದಲ್ಲ. ಯಲಹಂಕದ ಒಂದು ಥಿಯೇಟರಿನಲ್ಲಿ ಬೆಳಗಿನ ಒಂದೇ ಆಟ ಇತ್ತು, ಹೋದೆವು. ಹತ್ತು ನಿಮಿಷಕ್ಕೆ ದೊಡ್ಡ ಕಟ್ಟಡವೊಂದು ವಾಲಿತು. ಕೆಳಗಿದ್ದ ಹಣ್ಣಿನಂಗಡಿಯವ ಕೈ ಮೇಲೆತ್ತಿ, "ಅಯ್ಯೋ! ಕಟ್ಟಡವು ಕುಸಿಯುತ್ತಿದೆ! ಎಲ್ಲರೂ ಓಡಿರಿ!" ಎಂದ. ಮಾವ ಗೊಳ್ಳನೆ ನಕ್ಕರು. ಮುಂದಿನ ಸಾಲಿನವರು ತಿರುಗಿ ನೋಡಿದರು. ದರ್ಶಿನಿಗೆ ಬಂದ ಮೇಲೆ ನಗು ಹೋಗಿ ಸಿಟ್ಟು ಬಂದಿತ್ತು.

"ತಲೆ ಮೇಲೆ ಕಟ್ಟಡ ಬೀಳೋವಾಗ ಯಾವನ್ ಇಂಗೆ ವ್ಯಾಕರಣ ನೋಡ್ತಾನಮ್ಮ? ಅಣ್ಣಿನ್ ಅಂಗಡಿಯೋನು ಅವ್ನು. ಮೊದ್ಲು ಅಣ್ಣು ನೋಡ್ತಾನೆ, ಆಮೇಲ್ ಓಡ್ತಾನೆ."

ಇದನ್ನು ನಾನು ಸ್ಟಾಫ್ ರೂಮಿನಲ್ಲಿ ಅಭಿನಯಿಸಿ ತೋರಿಸುತ್ತಿದ್ದಾಗ ಸಂಗೀತದ ಟೀಚರ್ ಕೇಳಿಸಿಕೊಂಡರು. ಅವರ ತಮ್ಮನಿಗೆ ಆರ್‌ಟಿ ನಗರದಲ್ಲಿ ಡಬ್ಬಿಂಗ್ ಸ್ಟುಡಿಯೋ ಇತ್ತು. "ಅಲ್ಲಿ ಚಿಕ್ಕ ಚಿಕ್ಕ ದನಿಗೆ ಯಾವಾಗ್ಲೂ ಜನ ಬೇಕು. ನೀವೇ ಬಂದ್ ಮಾಡ್ರೀ, ಅಷ್ಟ್ ಹೇಳೋ ಬದ್ಲು" ಎಂದರು. ನಾನು ನಕ್ಕು ಸುಮ್ಮನಾದೆ. ಒಂದು ವಾರಕ್ಕೆ ನಿಜವಾಗಿಯೇ ಕರೆ ಬಂತು. ಮೂರು ಸಣ್ಣ ಪಾತ್ರ. ಬೆಂಕಿ ಬಿದ್ದ ಆಸ್ಪತ್ರೆಯ ಮುಂದೆ ಕೂಗುವ ನರ್ಸ್, ರೈಲು ನಿಲ್ದಾಣದ ಅನೌನ್ಸರ್, ಹೀರೋಗೆ ಧನ್ಯವಾದ ಹೇಳುವ ಒಬ್ಬ ತಾಯಿ.

ಮಾವನಿಗೆ ಹೇಳಿದೆ. ಅವರು ಅಂಗಳದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಒಂದು ನಿಮಿಷ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ಎಲ್ಲಿ, ನರ್ಸಿಂದ್ ಏಳು ನೋಡಾಣ."

"ಒಳಗೆ ಇನ್ನೂ ಜನರಿದ್ದಾರೆ!" ಎಂದು ಕೂಗಿದೆ.

"ಪಾಠ ಮಾಡ್ಬೇಡ. ಯಾರ್ ಒಳಗಿರೋರು?"

"ಜನ, ಮಾವ."

"ಜನ ಅಂದ್ರೆ ಯಾರು? ಜನ ಅಂತ ಯಾರೂ ಇರಲ್ಲ. ಅವ್ಳು ಬೆಳಿಗ್ಗೆ ಯಾರಿಗ್ ಮಾತ್ರೆ ಕೊಟ್ಟು ಬಂದವ್ಳೆ? ಅವ್ರಿಗ್ ಕೂಗು."

ಅತ್ತೆ ಹಾಸಿಗೆ ಹಿಡಿದಿದ್ದಾಗ ಮಾವ ಒಂದು ತಿಂಗಳು ಆಸ್ಪತ್ರೆಯಲ್ಲೇ ಇದ್ದರೆಂದು ನನ್ನ ಗಂಡ ಹೇಳಿದ್ದು ನನಗೆ ನೆನಪಾಯಿತು. ಆ ಮೊರದ ಅವರೆಕಾಯಿ ಮುಗಿಯುವವರೆಗೆ ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ಕೊನೆಕೊನೆಗೆ ಮಾತು ತಾನೇ ಬದಲಾಗಿ, "ಒಳಗಿನ್ನೂ ಜನ ಇದಾರೆ" ಎಂದು ಬರುತ್ತಿತ್ತು, ಅಷ್ಟು ಜೋರಾಗಿಯೂ ಅಲ್ಲ.

ಸ್ಟುಡಿಯೋ ಒಂದು ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗೋಡೆಗೆಲ್ಲ ಕಪ್ಪು ಫೋಮ್, ಕಿಟಕಿಯೇ ಇಲ್ಲ. ಗಾಜಿನ ಆಚೆ ಸಂಗೀತ ಟೀಚರ ತಮ್ಮ ಹೆಡ್‌ಫೋನ್ ಹಾಕಿ ಕೂತಿದ್ದರು. ಬರೆದಿದ್ದ ಮಾತನ್ನು ಬರೆದ ಹಾಗೆ ಐದು ಸಲ ಹೇಳಿದೆ. ಪರದೆಯ ನರ್ಸಿನ ಬಾಯಿ ಮುಚ್ಚಿದ ಮೇಲೂ ನನ್ನ 'ದ್ದಾರೆ' ಉಳಿದುಬಿಡುತ್ತಿತ್ತು. "ಸರ್, ಒಂದ್ಸಲ ನನ್ ಥರ ಹೇಳ್ಲಾ?" ಎಂದು ಕೇಳಿದೆ. "ಹೇಳಿ ಮೇಡಂ, ನೋಡಣ" ಎಂದರು. ಹೇಳಿದೆ. ಬಾಯಿಗೆ ಸರಿಯಾಗಿ ಕೂತಿತು. ಅವರು ಗಾಜಿನಾಚೆಯಿಂದ ಹೆಬ್ಬೆರಳು ತೋರಿಸಿದರು. ಆ ಹುಮ್ಮಸ್ಸಿನಲ್ಲೇ ತಾಯಿಯ ಮಾತನ್ನೂ ಮುಗಿಸಿದೆ. "ನೀನಿಲ್ಲದೆ ಹೋಗಿದ್ರೆ ನಮ್ ಗತಿ ಏನಾಗ್ತಿತ್ತೋ" ಎಂದು ಕೊನೆಯಲ್ಲಿ ಗಂಟಲು ಕಟ್ಟಿ, ಒಂದು ಬಿಕ್ಕು ಸೇರಿಸಿದೆ. "ಸೂಪರ್ ಮೇಡಂ!" ಎಂದರು.

ಸಿನಿಮಾ ಬಂದಾಗ ಅದೇ ಯಲಹಂಕದ ಥಿಯೇಟರಿಗೆ ಮಾವನನ್ನು ಕರೆದುಕೊಂಡು ಹೋದೆ. ಅವರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿದ್ದರು. ಒಳಗೆ ಹತ್ತು ಹದಿನೈದು ಜನರೂ ಇರಲಿಲ್ಲ. ನನ್ನ ನರ್ಸ್ ಬಂದಾಗ ಪರದೆ ಬಿಟ್ಟು ಮಾವನ ಮುಖ ನೋಡಿದೆ. ಬೆಂಕಿಯ ಸದ್ದಿನಲ್ಲಿ ಅರ್ಧ ಮಾತು ಮುಚ್ಚಿಹೋಯಿತು. ಮಾವ ಅಲುಗಾಡಲಿಲ್ಲ. ತಾಯಿಯ ಮಾತು ಬಂದಾಗಲೂ ಅಲುಗಾಡಲಿಲ್ಲ.

ದರ್ಶಿನಿಯಲ್ಲಿ ದೋಸೆ ಅರ್ಧ ಮುಗಿಯುವವರೆಗೆ ಕಾದೆ. ಆಮೇಲೆ ನಾನೇ ಕೇಳಿದೆ.

"ನರ್ಸಿಗೆ ಎಂಟು" ಎಂದರು. "ಅನೌನ್ಸ್ ಮಾಡಿದ್ದು ಐದು, ಅದ್ರಲ್ ಮಾಡೋಕೇನೂ ಇಲ್ಲ. ಆ ತಾಯಿಗೆ ಒಂದು."

"ಒಂದಾ?"

"ಊಂ. ಆ ಎಂಗಸು ಪರದೆ ಮೇಲೆ ಅಳ್ತಾ ಇಲ್ಲ ಕಣಮ್ಮ. ಮಗೀನ ಗಟ್ಟಿಯಾಗ್ ಇಡ್ಕೊಂಡು ಓಗ್ಬಿಡಣ ಅಂತ ನೋಡ್ತಾ ಅವ್ಳೆ. ಅಳೋಕ್ ಟೈಮಿಲ್ಲ ಅವ್ಳಿಗೆ. ನೀನ್ ಅತ್ತೆ."

ಸ್ಟುಡಿಯೋದವರು ಸೂಪರ್ ಅಂದಿದ್ದರು, ಸ್ಟಾಫ್ ರೂಮಿನಲ್ಲಿ ಸ್ವೀಟ್ ಹಂಚಿದ್ದರು, ಇವರು ಒಂದು ಅನ್ನುತ್ತಾರೆ. ಕಾಫಿ ಬಿಟ್ಟೆದ್ದೆ. ಎರಡು ದಿನ ಕಾಫಿ ಕೊಡಲೇ, ತಟ್ಟೆ ಹಾಕಲೇ ಎಂಬಷ್ಟೇ ಮಾತಿಗೆ ವಾಪಸು ಹೋದೆ. ನನ್ನ ಗಂಡ ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ ಪಾಳಿಗೆ ಹೋಗಿಬರುತ್ತಿದ್ದರು.

ಮೂರನೇ ದಿನ ಶಾಲೆಯಿಂದ ಬರುವ ಹೊತ್ತಿಗೆ ಮಾವ ಗೇಟಿನ ಹತ್ತಿರವೇ ನಿಂತಿದ್ದರು.

"ಒಂದ್ ವಿಷ್ಯ ಏಳ್ಬೇಕು, ಕೂತ್ಕೋ" ಎಂದರು. ಮೆಟ್ಟಿಲ ಮೇಲೆ ಕೂತೆ, ಬ್ಯಾಗ್ ಹೆಗಲಲ್ಲೇ ಇತ್ತು.

ಒಂದು ವರ್ಷ ಅವರಿಗೆ ಯುದ್ಧಭೂಮಿಯಿಂದ ಬರುವ ದೂತನ ಪಾತ್ರ. ರಾಜಕುಮಾರ ಸತ್ತ ಸುದ್ದಿ ಹೇಳಿ ಹೋಗಬೇಕು, ಎರಡೇ ಮಾತು. ರಾಜನ ಪಾತ್ರ ಮಾಡಿದ್ದವರು ಮಾವನ ಪಕ್ಕದ ಯಂತ್ರದ ಗೆಳೆಯ, ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದವರು. ಸುದ್ದಿ ಕೇಳಿ ರಾಜ ಅಳುವುದೇ ಆ ನಾಟಕದ ದೊಡ್ಡ ದೃಶ್ಯ. ಗೆಳೆಯ ಮೂರು ತಿಂಗಳು ಅದನ್ನೇ ಅಭ್ಯಾಸ ಮಾಡಿದ್ದರು. ಆ ದಿನ ಮಾವ ರಂಗದ ಮೇಲೆ ಬಂದು, ಎರಡು ಮಾತು ಹೇಳಿ, ಏನನ್ನಿಸಿತೋ, ಮಂಡಿಯೂರಿ ಎದೆ ಬಡಿದುಕೊಂಡು ತಾವೇ ಅತ್ತುಬಿಟ್ಟರು. ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಲ್ಲುವ ಹೊತ್ತಿಗೆ ರಾಜನಿಗೆ ಅಳಲು ಏನೂ ಉಳಿದಿರಲಿಲ್ಲ. ಗೆಳೆಯ ಸುಮ್ಮನೆ ನಿಂತುಬಿಟ್ಟರು. ಪರದೆ ಎಳೆಯಬೇಕಾಯಿತು.

"ಒಂದ್ ವರ್ಷ ನನ್ನತ್ರ ಮಾತಾಡ್ಲಿಲ್ಲ ಅವ್ನು. ಪಕ್ಕದಲ್ಲೇ ನಿಂತ್ ಕೆಲ್ಸ ಮಾಡ್ತಿದ್ವಿ. ಡಬ್ಬಿ ಬೇರೆ ಆಯ್ತು" ಎಂದರು. "ಅವತ್ ಯಾರೂ ನಂಗೆ ಏಳ್ಲಿಲ್ಲ, ನೀನ್ ಮಾಡಿದ್ದು ತಪ್ಪು ಅಂತ. ಎಲ್ರೂ ಬೆನ್ ತಟ್ಟಿದ್ರು. ಅದಕ್ಕೇ ನಿಂಗ್ ಏಳ್ದೆ."

"ಆಮೇಲೆ ಮಾತಾಡಿದ್ರಾ ಅವ್ರು?" ಎಂದೆ.

"ಮಾತಾಡ್ದ. ಮಗ್ಳು ಮದ್ವೆ ಕಾಗ್ದ ಕೊಡೋಕ್ ಬಂದ. ಮೊದ್ಲಿನಂಗ್ ಆಗ್ಲಿಲ್ಲ ಅಷ್ಟೆ" ಎಂದು ಹೇಳಿ, "ಕಾಫಿ ಮಾಡ್ತೀನಿ ಇರು" ಎಂದು ಒಳಗೆ ಹೋದರು. ಅವರು ನನಗೆ ಕಾಫಿ ಮಾಡಿಕೊಟ್ಟದ್ದು ಅದೇ ಮೊದಲು. ಸಕ್ಕರೆ ಜಾಸ್ತಿಯಾಗಿತ್ತು, ಪೂರ್ತಿ ಕುಡಿದೆ.

ಆ ಸ್ಟುಡಿಯೋದಲ್ಲಿ ನಾನು ಇನ್ನೂ ನಾಲ್ಕು ಸಿನಿಮಾಗಳಿಗೆ ದನಿ ಕೊಟ್ಟೆ. ಎಲ್ಲವೂ ಓಡುವವರು, ಕೂಗುವವರು, ಬಾಗಿಲು ತೆರೆಯುವವರು. ಒಂದೇ ಒಂದು ಸಲ ಒಂಬತ್ತು ಸಿಕ್ಕಿತು, ಬಸ್ಸಿನಲ್ಲಿ ಹೀರೋನ ಪಕ್ಕ ಕೂತು "ಸ್ವಲ್ಪ ಸರ್ಕೋತೀರಾ" ಎನ್ನುವ ಮುದುಕಿಗೆ. ಆಮೇಲೆ ಸಂಗೀತ ಟೀಚರ ತಮ್ಮ ಸ್ಟುಡಿಯೋವನ್ನು ಊರಿನ ಆ ತುದಿಗೆ ಸಾಗಿಸಿದರು. ಶಾಲೆ ಮುಗಿಸಿ ಅಷ್ಟು ದೂರ ಹೋಗಿಬರಲು ನನ್ನಿಂದಾಗಲಿಲ್ಲ.

ಮಾವನಿಗೆ ಕಿವಿ ಮಂದವಾಗುತ್ತಾ ಬಂತು. ಯಂತ್ರ ಹಾಕಿಸಿದೆವು. ಆದರೆ ಥಿಯೇಟರಿನ ಸದ್ದಿಗೆ ಅದು ಕಿರುಚಲು ಶುರುಮಾಡುತ್ತಿತ್ತು, ಮಾವ ತಲೆ ಹಿಡಿದುಕೊಂಡು ಹೊರಗೆ ಬರುತ್ತಿದ್ದರು. "ಇನ್ಮೇಲ್ ನೀನೇ ಓಗಿ ಬಾ. ಬಂದು ನಂಗ್ ಏಳು" ಎಂದರು. ಹಾಗಾಗಿ ಒಬ್ಬಳೇ ಹೋಗುತ್ತಿದ್ದೆ. ಬಂದು, ಅವರ ಎದುರು ನಿಂತು, ಒಬ್ಬೊಬ್ಬರನ್ನೂ ಮಾಡಿ ತೋರಿಸುತ್ತಿದ್ದೆ. ಮಾವ ಬಿಡದೆ ಪ್ರಶ್ನೆ ಕೇಳುತ್ತಿದ್ದರು. ಕಣ್ಣು ಎಲ್ಲಿತ್ತು? ಕೈಯಲ್ಲೇನಿತ್ತು? ಎದುರಿನವನ ಮಾತು ಮುಗಿಯೋ ತನಕ ಕೇಳಿಸಿಕೊಂಡನಾ? ಅಷ್ಟು ಗಮನವಿಟ್ಟು ನಾನು ಯಾವತ್ತೂ ಸಿನಿಮಾ ನೋಡಿರಲಿಲ್ಲ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಅವರ ಕೊನೆಯ ಮಳೆಗಾಲದಲ್ಲಿ ನಾನು ನೋಡಿದ ಒಂದು ಸಿನಿಮಾದಲ್ಲಿ ಒಬ್ಬ ಲಿಫ್ಟಿನವನಿದ್ದ. ಗಾಯಗೊಂಡ ಹೀರೋ ಕೊನೆಯ ಮಹಡಿಯಲ್ಲಿರುವ ವಿಲನ್‌ನ ಬೆನ್ನುಹತ್ತಿ ಲಿಫ್ಟಿಗೆ ಬಂದಾಗ, "ಎಷ್ಟನೇ ಮಹಡಿ ಸರ್?" ಎನ್ನುತ್ತಾನೆ, ಅಷ್ಟೇ. ಅದನ್ನು ಮಾಡಿ ತೋರಿಸಿದೆ.

"ಬಟನ್ ಯಾವಾಗ್ ಒತ್ತಿದ? ಕೇಳೋಕ್ ಮುಂಚೆನೋ, ಆಮೇಲೋ?"

"ಆಮೇಲೆ" ಎಂದೆ.

"ನೋಡಿಲ್ಲ ನೀನು" ಎಂದರು ಮಾವ, ನನ್ನ ಮುಖ ನೋಡಿಯೇ.

ನಿಜ, ನೋಡಿರಲಿಲ್ಲ. ಮರುದಿನ ಶಾಲೆ ಬಿಟ್ಟ ಮೇಲೆ ಸೀದಾ ಥಿಯೇಟರಿಗೆ ಹೋದೆ. ಅದೇ ಸಿನಿಮಾ, ಲಿಫ್ಟ್ ಬರುವವರೆಗೆ ಕೂತಿದ್ದು, ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ಎದ್ದು ಬಂದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವರ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದೆ.

"ಮಾವ, ಮೊದ್ಲೇ ಒತ್ತಿದ್ದ! ಹೀರೋ ಮುಖ ನೋಡಿದ ತಕ್ಷಣ ಎಲ್ಲಕ್ಕಿಂತ ಮೇಲಿನ ಬಟನ್ ಒತ್ತಿಬಿಟ್ಟ. ಆಮೇಲೆ ಸುಮ್ನೆ, ಕೆಲ್ಸಕ್ಕೋಸ್ಕರ ಕೇಳ್ದ."

ಮಾವನ ಮುಖ ಅರಳಿತು.

"ಅಂಗಾದ್ರೆ ಅವ್ನಿಗೆ ಒಂಬತ್ತು ಆಕು" ಎಂದರು. "ಆಕಮ್ಮ, ಒಂಬತ್ತು."