ಗೃಹಪ್ರವೇಶಕ್ಕೆ ನುಂಗಿದ ಮಾತ್ರೆ

ನನ್ನ ಮುಟ್ಟಿನ ದಿನ ನನಗಿಂತ ಚೆನ್ನಾಗಿ ಗೊತ್ತಿದ್ದದ್ದು ನಮ್ಮತ್ತೆಗೆ. ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ತಿಂಗಳು ತಿಂಗಳೂ ಅವರು ಬೆರಳು ಮಡಚಿ ಎಣಿಸುತ್ತಿದ್ದರು, ನಾನೂ ಎಣಿಸುತ್ತಿದ್ದೆ. ಈ ಸಲ ಬಾರದಿರಲಿ ಎಂದು ಇಬ್ಬರೂ ಬೇಡಿಕೊಳ್ಳುತ್ತಿದ್ದೆವು. ಅದು ಮಾತ್ರ ನಮ್ಮೂರಿನ ಬಸ್ಸಿಗಿಂತ ಸರಿಯಾದ ಹೊತ್ತಿಗೆ ಬರುತ್ತಿತ್ತು.

ಮಾಡದಕೆರೆಯಲ್ಲಿ ಹೊಸ ಮನೆ ಮುಗಿದು ಗೃಹಪ್ರವೇಶಕ್ಕೆ ದಿನ ಗೊತ್ತಾದಾಗ ಅತ್ತೆ ಮತ್ತೆ ಬೆರಳು ಮಡಚಿದರು. ಮುಖ ಸಪ್ಪಗಾಯಿತು.

"ಅವತ್ತಿಗೇ ಸರಿಯಾಗಿ ಹೊರಗಾಗ್ತೀಯಲ್ಲವ್ವ. ಇರೋಳು ಒಬ್ಳೇ ಸೊಸೆ, ಹಾಲು ಉಕ್ಸೋರು ಯಾರು? ಮುಂದಕ್ಕೆ ಹಾಕೋ ಮಾತ್ರೆ ಐತಂತಲ್ಲ, ತಗಂಬಾ."

ಹೊಸದುರ್ಗದ ಮೆಡಿಕಲ್ ಶಾಪಿನವನು ನನ್ನ ಮುಖ ನೋಡದೆಯೇ ಮಾತ್ರೆಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ನುಂಗುವುದನ್ನು ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ ಎಂದ. "ಇದು ಹೆಂಗೆ ತಡೆಯುತ್ತೆ?" ಎಂದು ಕೇಳಿದೆ. "ಹಾರ್ಮೋನು ಮೇಡಂ," ಎಂದು ಮುಂದಿನ ಗಿರಾಕಿಯ ಕಡೆ ತಿರುಗಿಬಿಟ್ಟ. ಮಿಕ್ಸಿ ಕೆಟ್ಟರೂ ಬಿಚ್ಚಿ ನೋಡುವವಳು ನಾನು. ಆ ಉತ್ತರ ನನಗೆ ಸಾಲಲಿಲ್ಲ. ಜೊತೆಗೆ ಸಿಟ್ಟೂ ಬಂತು. ನಾಲ್ಕು ವರ್ಷ ಯಾವುದು ನಿಲ್ಲಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದಿದ್ದೆನೋ, ಅದನ್ನು ನಿಲ್ಲಿಸುವುದು ಈ ಅಂಗಡಿಯ ಡ್ರಾಯರಿನಲ್ಲಿ ಬಿದ್ದಿತ್ತು!

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಹಾಲು ಉಕ್ಕಿಸಿದೆ, ಅಂದೇ ಮಾತ್ರೆ ನಿಲ್ಲಿಸಿದೆ. ಎರಡು ದಿನವಾಯಿತು, ಮೂರಾಯಿತು, ನಾಲ್ಕಾಯಿತು. ಬರಲಿಲ್ಲ. ಇದು ಮಾತ್ರೆಯ ತಡವೋ, ಇಲ್ಲಾ ಇನ್ನೇನೋ? ಪರೀಕ್ಷೆಯ ಕಿಟ್ ಸೀರೆಗಳ ನಡುವೆ ಇತ್ತು, ತೆಗೆಯಲು ಧೈರ್ಯ ಸಾಲಲಿಲ್ಲ. ಅದರಲ್ಲಿ ಒಂಟಿ ಗೆರೆ ನೋಡಿ ನೋಡಿ ಸಾಕಾಗಿತ್ತು. ಐದನೇ ದಿನ ನಾನು ಎತ್ತಿದ ಬಿಂದಿಗೆಯನ್ನು ಅತ್ತೆ ಕಿತ್ತು ತಮ್ಮ ಸೊಂಟಕ್ಕೆ ಇಟ್ಟುಕೊಂಡರು. ನನಗೆ ಭಯವಾದದ್ದು ಆಗಲೇ.

ಆರನೇ ದಿನ, ನಾನು ತೋರಿಸಿಕೊಳ್ಳುತ್ತಿದ್ದ ಲೇಡಿ ಡಾಕ್ಟರನ್ನು ಕೇಳೋಣವೆಂದು ಚಿತ್ರದುರ್ಗದ ಬಸ್ಸು ಹತ್ತಿದೆ. ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಕಿಬ್ಬೊಟ್ಟೆ ಹಿಂಡಿತು. ಇಳಿದು ಹೋಗಿ ನೋಡಿದೆ. ಬಂದಿತ್ತು. ಮತ್ತೆ ಅದೇ ಸೀಟಿಗೆ ಬಂದು ಕಿಟಕಿಯ ಕಡೆ ಮುಖ ಮಾಡಿ ಕಣ್ಣೀರು ಹಾಕಿದೆ. ವಾಪಸ್ಸು ಮನೆಗೆ ಹೋಗಬಹುದಿತ್ತು. ಆದರೆ ಪ್ರಶ್ನೆ ಹಾಗೇ ಉಳಿದಿತ್ತಲ್ಲ, ಮುಂದಕ್ಕೇ ಹೋದೆ.

ಡಾಕ್ಟರು ಮೊದಲು ಬೈದರು. "ಮಗು ಬೇಕು ಅನ್ನೋರು ಕೇಳದೆ, ಟೆಸ್ಟ್ ಮಾಡದೆ ಇದನ್ನ ನುಂಗ್ತಾರಾ?" ಆಮೇಲೆ ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಅಂಡ ಹೊರಬಿದ್ದ ಮೇಲೆ ಅಂಡಾಶಯವು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಹರಿಸುತ್ತದಂತೆ. ಗರ್ಭಕೋಶದ ಒಳಪದರ ನಿಂತಿರುವುದು ಅದರ ಆಸರೆಯಲ್ಲಿ. ಸುಮಾರು ಎರಡು ವಾರದಲ್ಲಿ ಗರ್ಭ ನಿಲ್ಲದಿದ್ದರೆ ಹಾರ್ಮೋನು ಇಳಿಯುತ್ತದೆ, ಪದರ ಕಳಚುತ್ತದೆ.

"ಹಸಿ ತಾರಸಿ ಕೆಳಗಿನ ಸೆಂಟ್ರಿಂಗ್ ಕಂಬ ತೆಗೆದ ಹಾಗೆ," ಎಂದೆ. ಮನೆ ಕಟ್ಟಿಸಿದ ತಲೆ ನನ್ನದು.

ಅವರು ನಕ್ಕರು. "ಹಂಗೇ ಅಂದ್ಕೊಳಿ. ನಿಮ್ಮ ಮಾತ್ರೆನೂ ಅದೇ ಥರದ್ದು, ಕಂಬನ ನಾಲ್ಕು ದಿನ ಹೆಚ್ಚಿಗೆ ನಿಲ್ಸುತ್ತೆ. ನಿಜವಾಗಿ ಗರ್ಭ ನಿಂತ್ರೆ, ಸಾಸಿವೆ ಕಾಳಿಗಿಂತ ಸಣ್ಣದಿರುವಾಗ್ಲೇ ಅದು ತನ್ನದೇ ಒಂದು ಹಾರ್ಮೋನು ಕಳ್ಸುತ್ತೆ. 'ನಾನು ಬಂದಿದೀನಿ, ಕಂಬ ತೆಗೀಬೇಡಿ' ಅಂತ. ಕಿಟ್ಟಲ್ಲಿ ಎರಡನೇ ಗೆರೆ ಬರೋದು ಅದ್ರಿಂದ್ಲೇ."

ಕಣ್ಣಿಗೆ ಕಾಣದ ಚೂರೊಂದು ತಾಯಿಗೆ ಹೇಳಿ ಕಳಿಸುತ್ತದೆ! ದಾರಿಯುದ್ದಕ್ಕೂ ನನಗೆ ಅದೇ ಸೋಜಿಗ. ಆ ಸೋಜಿಗದ ಒಳಗೇ ಒಂದು ಸಂಕಟವೂ ಇತ್ತು. ಯಾರೂ ಬಂದಿರಲಿಲ್ಲ. ಬಂದಿದ್ದಾರೆ ಎನ್ನುವಂತೆ ಮಾತ್ರೆ ನುಂಗಿ ನನ್ನ ಮೈಯನ್ನು ನಾನೇ ನಂಬಿಸಿದ್ದೆ.

ಮನೆಗೆ ಬಂದು ಅಭ್ಯಾಸದಂತೆ ಹೊರಗೆ ಜಗುಲಿಯ ಮೇಲೆ ಕೂತೆ. ಅತ್ತೆಗೆ ಕೇಳದೆಯೇ ಗೊತ್ತಾಯಿತು. ಬಾಗಿಲಿಗೆ ಬಂದು ಕೇಳಿದರು.

"ನಾನೇ ಮಾತ್ರೆ ತಗಳಾಕೆ ಹೇಳ್ದೆ. ಅದ್ರಿಂದ ಏನರ... ಬಂದಿದ್ದು ಹೋತೇನವ್ವ?"

ಐದು ದಿನ ಆಸೆಯಿಂದ ಎಣಿಸಿದವರು ಆರನೇ ದಿನವಿಡೀ ಇದನ್ನೇ ಯೋಚಿಸುತ್ತಾ ಕೂತಿದ್ದರೆಂದು ಅವರ ದನಿಯಲ್ಲೇ ತಿಳಿಯಿತು. ಇಲ್ಲ ಅತ್ತೆ, ಯಾರೂ ಬಂದಿರಲಿಲ್ಲ ಎಂದೆ. ಕಂಬದ ವಿಷಯ, ಸಾಸಿವೆ ಕಾಳಿನ ವಿಷಯ, ಮಾತ್ರೆ ಮೈಗೆ ಹೇಳುವ ಸುಳ್ಳಿನ ವಿಷಯ ಎಲ್ಲ ಹೇಳಿದೆ.  ಅವರು ಒಳಗೆ ಹೋಗಿ ಉಳಿದಿದ್ದ ಮಾತ್ರೆಗಳನ್ನು ಹುಡುಕಿ ತಂದು ಕಸದ ಬುಟ್ಟಿಗೆ ಹಾಕಿದರು. ಬಂದು ನನ್ನ ತೋಳು ಹಿಡಿದು ಎಬ್ಬಿಸಿದರು.

"ಒಳಗ್ ಬಾ, ಹಾಲು ಕಾಸ್ಕಂಡು ಕುಡಿ. ದೇವ್ರಿಗೆ ನಾನು ಹೇಳ್ಕಂತೀನಿ. ನೀನು ನಿನ್ನ ಮೈಗೆ ಸುಳ್ಳು ಹೇಳ್ಬ್ಯಾಡ."