ಮರಿಯಾಗದ ಹನ್ನೊಂದು ಮೊಟ್ಟೆ

ನಮ್ಮ ಮನೆಯ ಹೆಣ್ಣುಮಕ್ಕಳು ಎಷ್ಟರವರೆಗೆ ಓದಬೇಕು ಎಂಬುದನ್ನು ಯಾವ ಮೇಷ್ಟರೂ ತೀರ್ಮಾನಿಸುತ್ತಿರಲಿಲ್ಲ. ಮೈನೆರೆದ ದಿನ ಪುಸ್ತಕದ ಚೀಲ ಅಟ್ಟ ಸೇರುತ್ತಿತ್ತು, ಅಷ್ಟೇ. ಅಕ್ಕನಿಗೆ ಆರನೇ ಕ್ಲಾಸಿನಲ್ಲೇ ಹಾಗಾಯಿತು. ಮೂರು ವರ್ಷ ಮನೆಯ ಮುಸುರೆ ತಿಕ್ಕಿ, ಆಮೇಲೆ ಹುಲಿಯೂರುದುರ್ಗಕ್ಕೆ ಸೊಸೆಯಾಗಿ ಹೋಗಿ ಅಲ್ಲಿಯ ಮುಸುರೆ ತಿಕ್ಕಿದಳು. ಇದು ಎಪ್ಪತ್ತರ ದಶಕದ ಕೊನೆಯ ಮಾತು. ಕುಣಿಗಲ್ಲಿನಲ್ಲಿ ಆಗಲೇ ಹೈಸ್ಕೂಲಿತ್ತು, ಹುಡುಗಿಯರೂ ಎರಡು ಜಡೆ ಹಾಕಿಕೊಂಡು ಹೋಗುತ್ತಿದ್ದರು. ನಮ್ಮ ಅಜ್ಜಿಯ ಪಾಲಿಗೆ ಅವರೆಲ್ಲ ಹೇಳೋರು ಕೇಳೋರು ಇಲ್ಲದವರು. ಒಂದೇ ಒಂದು ಸಲ, ಊಟಕ್ಕೆ ಕೂತಾಗ, ಅಪ್ಪ ನನಗೆ ಹೇಳಿದ್ದರು, 'ಏಳನೇ ಕ್ಲಾಸ್ ಪಬ್ಲಿಕ್ ಪರೀಕ್ಷೆ ಪಾಸಾಗು, ಮುಂದಕ್ಕೆ ನೋಡನ' ಅಂತ. ಅಪ್ಪ ಅದನ್ನು ಕೈ ತೊಳೆಯುವಷ್ಟರಲ್ಲಿ ಮರೆತಿರಬಹುದು. ನಾನು ಮರೆಯಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದ ಆ ವರ್ಷ ಮನೆಯಲ್ಲಿ ಓದುವವಳು ನಾನೊಬ್ಬಳೇ. ಅಣ್ಣ ಪೊಲೀಸ್ ಸೆಲೆಕ್ಷನ್ನಿಗೆ ಮೈ ಬೆಳೆಸುತ್ತಿದ್ದ. ಬೆಳಿಗ್ಗೆ ಎದ್ದು ಕೆರೆ ಏರಿಯ ಮೇಲೆ ಓಡಿ ಬರುತ್ತಿದ್ದ, ಬಂದವನನ್ನು ಅವ್ವ ಒಲೆಯ ಹತ್ತಿರ ಕೂರಿಸಿ ದೊಡ್ಡ ಲೋಟದಲ್ಲಿ ಹಾಲು ಕೊಡುತ್ತಿದ್ದಳು. ಅವನ ಎದೆ ಎಷ್ಟು ಅಗಲವಾಯಿತು ಎಂದು ವಾರಕ್ಕೊಮ್ಮೆ ದಾರ ಹಿಡಿದು ನೋಡುವುದೇ ಮನೆಯವರಿಗೆಲ್ಲ ದೊಡ್ಡ ಸಂಭ್ರಮ. ನನ್ನ ಕ್ಲಾಸ್ ಪರೀಕ್ಷೆಯ ಮಾರ್ಕ್ಸ್ ಯಾರೂ ಕೇಳಿದವರಲ್ಲ.

ಕೋಳಿ ಅಜ್ಜಿಯದು. ಗುಬ್ಬಿಯ ಸೋದರತ್ತೆ ಕೊಟ್ಟಿದ್ದ ಕಂದು ಹೇಂಟೆ, ಕಾಲು ಕಟ್ಟಿ ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತಂದದ್ದು. ಮಗಳು ಕೊಟ್ಟ ಕೋಳಿ ಅಂತ ಅಜ್ಜಿಗೆ ಅದರ ಮೇಲೆ ಎಲ್ಲಿಲ್ಲದ ಮಮತೆ. ಅದರ ಒಂದು ಮೊಟ್ಟೆಗೂ ಯಾರೂ ಕೈ ಹಾಕುವಂತಿರಲಿಲ್ಲ, ಎಲ್ಲವನ್ನೂ ಮರಿಗೆಂದು ಗುಡಾಣದ ರಾಗಿಯೊಳಗೆ ಹೂತಿಡಬೇಕು. ಅಜ್ಜಿಯ ಕಣ್ಣಿಗೆ ಪೊರೆ ಬಂದಿದ್ದರಿಂದ ಹೂತಿಡುವ ಕೆಲಸ ಅವ್ವನದು. ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಹೇಂಟೆ ಮೊಟ್ಟೆಯಿಡುವುದನ್ನು ನಿಲ್ಲಿಸಿ, ಗರಿ ಕೆದರಿಕೊಂಡು ಬರಿ ಗೂಡಿನಲ್ಲೇ ಕೂರತೊಡಗಿತು. ಹತ್ತಿರ ಹೋದವರನ್ನೆಲ್ಲ ಕುಕ್ಕುತ್ತಿತ್ತು.

'ಕಾವಿಗ್ ಬಂದದೆ ಕಣೇ, ಕೂರ್ಸನ' ಎಂದಳು ಅಜ್ಜಿ.

ಅಮಾವಾಸ್ಯೆ ಕಳೆಯಲೆಂದು ಕಾದು ಒಂದು ಗುರುವಾರ ಕೂರಿಸಿದೆವು. ಹಳೆಯ ಬಿದಿರು ಮಂಕರಿಗೆ ಮರಳು, ಅದರ ಮೇಲೆ ರಾಗಿ ಹುಲ್ಲು, ಹೇನು ಆಗದಿರಲೆಂದು ಹೊಗೆಸೊಪ್ಪಿನ ಕಡ್ಡಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಮುರುಕು ಕುಡುಗೋಲಿನ ಒಂದು ಚೂರು. ಅವ್ವ ಹನ್ನೊಂದು ಮೊಟ್ಟೆ ತಂದು ನನ್ನ ಲಂಗದ ಮಡಿಲಿಗೆ ಹಾಕಿದಳು. ಹೇಂಟೆಯ ಮೊಟ್ಟೆ ಚಿಕ್ಕವು, ಮಾಸಲು ಬಣ್ಣದವು ಎಂದು ನನಗೆ ನೆನಪು. ಇವು ಸುಣ್ಣದ ಹಾಗೆ ಬೆಳ್ಳಗಿದ್ದವು, ದಪ್ಪವೂ ಇದ್ದವು.

'ಯಾಕವ್ವ ಇಂಗ್ ಬೆಳ್ಳಗವೆ?'

'ರಾಗಿಲಿ ಇದ್ದೂ ಇದ್ದೂ ಬಣ್ಣ ಹೋಗದೆ. ಸುಮ್ನೆ ಇಡು ನೀನು.'

ಸುಮ್ಮನೆ ಇಟ್ಟೆ.

ಹೇಂಟೆ ನನ್ನೊಬ್ಬಳನ್ನು ಮಾತ್ರ ಕುಕ್ಕುತ್ತಿರಲಿಲ್ಲ, ಹಾಗಾಗಿ ಅದರ ಚಾಕರಿ ನನ್ನ ತಲೆಗೆ ಬಂತು. ಸ್ಕೂಲಿಗೆ ಹೋಗುವ ಮುಂಚೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿತ್ತಿಲಿಗೆ ಬಿಡಬೇಕು. ರಾಗಿ ತಿಂದು ನೀರು ಕುಡಿದು ಅದು ಒಂದು ಸುತ್ತು ಬರುವಷ್ಟರಲ್ಲಿ ನಾನು ಮೊಟ್ಟೆಗಳನ್ನು ಹೊರಳಿಸಿ, ಹುಲ್ಲು ಸರಿಮಾಡಿ, ಅವು ಆರುವ ಮೊದಲು ವಾಪಸ್ ಕೂರಿಸಬೇಕು. ಅದರ ಹೊಟ್ಟೆಯ ಅಡಿಗೆ ಕೈ ಹಾಕಿದರೆ ಜ್ವರ ಬಂದವರ ಮೈಯಷ್ಟು ಬಿಸಿ. ಹೊಗೆಸೊಪ್ಪಿಗೂ ಜಗ್ಗದ ಹೇನು ನನ್ನ ಮೊಣಕೈವರೆಗೂ ಹತ್ತುತ್ತಿದ್ದವು. ಸಂಜೆ ಮಂಕರಿಯ ಪಕ್ಕದಲ್ಲೇ ಕೂತು ಗಣಿತ ಮಾಡುತ್ತಿದ್ದೆ, ಬೆಕ್ಕು ಬಂದರೆ ಓಡಿಸಲು ಕೋಲು ತೊಡೆಯ ಮೇಲೆ. ಒಂದು ದಿನ ಗೋಡೆಯ ಸಂದಿಯಿಂದ ಕೇರೆಹಾವು ತಲೆ ಹಾಕಿದಾಗ ಅಣ್ಣ ಅಂಗಳದಿಂದಲೇ ಕೂಗಿದ, ಹತ್ತಿರ ಬರಲಿಲ್ಲ. ಓಡಿಸಿದವಳು ನಾನು. ಎಂಟನೇ ದಿನ ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ಒಳಗೆ ಕಪ್ಪಾಗಿದೆಯೇ ನೋಡು ಎಂದು ಅಜ್ಜಿ ಹೇಳಿದಳು. ಅವ್ವ ಒಳಗಿಂದ ಬಂದು 'ಬ್ಯಾಡಿ ಅತ್ತೆ, ನೋಡಿ ನೋಡಿ ಕಣ್ಣಾಯ್ತದೆ' ಎಂದು ತಡೆದಳು. ಅತ್ತೆಯ ಮಾತಿಗೆ ಅವ್ವ ಅಡ್ಡ ಬಂದದ್ದನ್ನು ನಾನು ಅದೇ ಮೊದಲು ಕಂಡಿದ್ದು.

ಹನ್ನೆರಡನೇ ದಿನ ನಾನು ದೊಡ್ಡವಳಾದೆ. ಸ್ಕೂಲಿನ ಹಿಂದಿನ ಹುಣಸೇಮರದ ಕೆಳಗೆ ನಿಂತು ಲಂಗದ ಕಲೆ ನೋಡಿಕೊಂಡಾಗ ನನಗೆ ಹೊಟ್ಟೆನೋವಿಗಿಂತ ಹೆಚ್ಚಾಗಿ ಪರೀಕ್ಷೆಯ ಯೋಚನೆ ಬಂತು. ಮರಿಯಾಗುವುದು ಇಪ್ಪತ್ತೊಂದನೇ ದಿನ, ಗುರುವಾರ; ಪರೀಕ್ಷೆ ಶುರುವಾಗುವುದು ಅದರ ಮುಂದಿನ ಸೋಮವಾರ. ಅಲ್ಲಿಯವರೆಗೆ ಬಾಯಿ ಬಿಡದಿದ್ದರೆ ಸಾಕು. ಹಳೆಯ ಲಂಗ ಹರಿದು ಬಟ್ಟೆ ಮಾಡಿಕೊಂಡೆ, ಒಗೆದು ಒಟ್ಟಿದ ಸೌದೆಯ ಹಿಂದೆ ಒಣಗಿಸಿದೆ.

ಆದರೆ ಕೋಳಿ ಇತ್ತಲ್ಲ. ಮುಟ್ಟಾದವಳ ನೆರಳು ಬಿದ್ದರೂ ಕಾವಿನ ಮೊಟ್ಟೆ ಕೆಡುತ್ತದೆ ಎಂಬುದು ನಮ್ಮ ಬೀದಿಯ ಹಸುಗೂಸಿಗೂ ಗೊತ್ತಿದ್ದ ಸಂಗತಿ. ಹೊರಗಾದ ಮೂರು ದಿನ ಅವ್ವ ಹಿತ್ತಿಲಿನ ಆ ಮೂಲೆಗೆ ಮುಖ ಹಾಕುತ್ತಿರಲಿಲ್ಲ. ನಾನು ಕೋಳಿಯನ್ನು ಮುಟ್ಟದೆ ದೂರ ನಿಂತರೆ ಅಜ್ಜಿ ಏನೆಂದು ಕೇಳುತ್ತಾಳೆ. ಮುಟ್ಟಿದರೆ ಮರಿಗಳು ಒಳಗೇ ಸಾಯುತ್ತವೆ. ಮುಟ್ಟಿದೆ. ಮೂರು ದಿನವೂ ಮುಟ್ಟಿದೆ. ಮೊಟ್ಟೆ ಹೊರಳಿಸುವಾಗ ಕೈಗೆ ಅವ್ವನ ಹಳೆಯ ಸೆರಗಿನ ತುಂಡು ಸುತ್ತಿಕೊಳ್ಳುತ್ತಿದ್ದೆ, ಅದರಿಂದ ಏನೋ ತಪ್ಪುತ್ತದೆ ಎಂಬ ಆಸೆಯಲ್ಲಿ. ತಪ್ಪಾಯಿತು ಎಂದು ಕೋಳಿಗೆ ಹೇಳುತ್ತಿದ್ದೆ.

ಗುರುವಾರ ಒಂದು ಮೊಟ್ಟೆಯೂ ಬಿರಿಯಲಿಲ್ಲ. ಶುಕ್ರವಾರ ಬೆಳಿಗ್ಗೆ ಅಜ್ಜಿ ಅಗಲವಾದ ಬೋಗುಣಿಗೆ ಬೆಚ್ಚನೆಯ ನೀರು ತರಿಸಿ, ಅದರೊಳಗೆ ಮೊಟ್ಟೆಗಳನ್ನು ಇಡಿಸಿದಳು. ಒಳಗೆ ಜೀವವಿದ್ದರೆ ನೀರಿನಲ್ಲಿ ಮೊಟ್ಟೆ ಅಲುಗುತ್ತದೆ. ಅಜ್ಜಿಗೆ ಕಾಣದು, ನನ್ನನ್ನು ಕೇಳಿದಳು, 'ಅಳ್ಳಾಡ್ತಾವೇನೇ?' ಹನ್ನೊಂದೂ ಸುಮ್ಮನಿದ್ದವು. 'ಇಲ್ಲ ಅಜ್ಜಿ' ಎಂದೆ. ಅಜ್ಜಿ ಒಂದನ್ನು ಒಡೆದು ಮೂಸಿದಳು. ಕೊಳೆತ ವಾಸನೆ ಇರಲಿಲ್ಲ, ಬರೀ ನೀರು ನೀರಾದ ಹಳದಿ ಲೋಳೆ. ಇನ್ನೊಂದು ಒಡೆದಳು, ಅದೂ ಹಾಗೇ.

'ಎಲ್ಲೋ ಒಂದೆರಡು ಗೊಡ್ಡಾಯ್ತದೆ. ಹನ್ನೊಂದಕ್ ಹನ್ನೊಂದೂ ಆದದಾ? ಮುಟ್ಟು ತಗುಲದೆ' ಎಂದು ಅವ್ವನ ಕಡೆ ತಿರುಗಿದಳು. 'ನೀನೇನಾರ ಆಗಿದ್ದಾಗ ಮುಟ್ಟಿದ್ಯೇನೇ?'

'ಇಲ್ಲ ಅತ್ತೆ. ನಾನ್ ಆ ಕಡೀಕೇ ಬಂದಿಲ್ಲ.'

ಆಮೇಲೆ ನನ್ನ ಕಡೆ. ಅಜ್ಜಿ ನನ್ನನ್ನು ಏನೂ ಕೇಳಲಿಲ್ಲ. ಪೊರೆ ಬಂದ ಆ ಕಣ್ಣುಗಳಿಗೆ ನನ್ನ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಪರೀಕ್ಷೆಗೆ ಇನ್ನು ಮೂರೇ ದಿನ, ಒಂದು ಸುಳ್ಳಿಗೆ ಅಷ್ಟು ಬಾಳಿಕೆ ಸಾಕಿತ್ತು. ಆದರೆ ಹನ್ನೊಂದು ಮರಿಗಳನ್ನು ಕೊಂದೆನಲ್ಲ ಎಂದು ಎದೆ ಒಡೆದುಹೋಗಿತ್ತು, ನಾನು ಅಳುತ್ತಾ ಒಪ್ಪಿಕೊಂಡುಬಿಟ್ಟೆ. ಅವ್ವ ಬೋಗುಣಿ ಎತ್ತಿಕೊಂಡು ತಿಪ್ಪೆಯ ಕಡೆ ಹೋದಳು. ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ.

ಅವತ್ತು ಸಂಜೆಗೇ ಸೋದರಮಾವ ತೆಂಗಿನ ಗರಿ ತಂದು, ಮೈನೆರೆದವಳನ್ನು ಕೂರಿಸುವ ಗುಡ್ಲು ಹಾಕಿದರು. ಒಂಬತ್ತು ದಿನ ಅದರೊಳಗೆ ಕೂತೆ. ಸೋಮವಾರ ಬೆಳಿಗ್ಗೆ ನನ್ನ ಕ್ಲಾಸಿನ ಹುಡುಗಿಯರು ಪರೀಕ್ಷೆಯ ರಟ್ಟು ಹಿಡಿದುಕೊಂಡು ನಮ್ಮ ಬೀದಿಯಲ್ಲೇ ಹೋದರು. ನಾನು ಎಳ್ಳು ಬೆಲ್ಲದ ಚಿಗಳಿ ಉಂಡೆ ತಿನ್ನುತ್ತಾ ಅವರ ಮಾತು ಕೇಳಿಸಿಕೊಂಡೆ. ಟೀಚರ್ ಒಬ್ಬರು ಮನೆಗೆ ಬಂದು ಕೇಳಿದರು, ಅಜ್ಜಿ ಅವರಿಗೆ ತಾಂಬೂಲ ಕೊಟ್ಟು ಕಳಿಸಿದಳು. ಅಪ್ಪನಿಗೆ ತಾವು ಆಡಿದ ಮಾತು ನೆನಪಾಗಲೇ ಇಲ್ಲ. ಹೇಂಟೆ ಬರಿ ಮಂಕರಿಯಲ್ಲೇ ಕೂತಿತ್ತಂತೆ, ನೀರಿನಲ್ಲಿ ಅದ್ದಿದರೂ ಕಾವು ಇಳಿಯಲಿಲ್ಲವಂತೆ. ಯುಗಾದಿಯ ಮಾರನೇ ದಿನದ ವರ್ಷತೊಡಕಿಗೆ ಅದನ್ನು ಕೊಯ್ದರು. ಗುಡ್ಲಿನಿಂದ ಹೊರಬಂದಿದ್ದ ನನಗೂ ಬಡಿಸಿದರು. ಅಣ್ಣನಿಗೆ ಕೆಲಸ ಸಿಕ್ಕಿತು. ನನಗೆ ಮದುವೆಯಾಯಿತು.

ತುಮಕೂರಿನಲ್ಲಿ ನಾವಿದ್ದ ವಠಾರದಲ್ಲಿ ಒಬ್ಬಾಕೆ, ಎಂಬತ್ತರ ದಶಕದ ನಡುವಿನಲ್ಲಿ, ಅಂಗಡಿಯಿಂದ ತಂದ ಮೊಟ್ಟೆಗಳನ್ನು ತನ್ನ ಕೋಳಿಯಡಿ ಇಡಲು ಹೊರಟಳು. ಕೋಳಿ ಫಾರಮ್ಮಿನಲ್ಲಿ ಕೆಲಸಕ್ಕಿದ್ದ ಅವಳ ತಮ್ಮ ನಕ್ಕ. 'ಫಾರಂನಲ್ಲಿ ಹುಂಜನೇ ಇರಲ್ಲ ಕಣಕ್ಕ, ಮರಿ ಎಲ್ಲಿಂದ ಆಯ್ತದೆ?' ನಾನು ನಲ್ಲಿಗೆ ಬಿಂದಿಗೆ ಹಿಡಿದು ನಿಂತಿದ್ದೆ. ಆಕೆಯ ಕೈಯಲ್ಲಿದ್ದ ಮೊಟ್ಟೆ ಸುಣ್ಣದ ಹಾಗೆ ಬೆಳ್ಳಗಿತ್ತು. ಬಿಂದಿಗೆ ತುಂಬಿ ಹರಿದದ್ದು ನನಗೆ ತಿಳಿಯಲಿಲ್ಲ.

ಮಾರನೇ ದಿನವೇ ಕುಣಿಗಲ್ ಬಸ್ ಹತ್ತಿದೆ. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು.

'ಅವತ್ತು ಕೋಳಿ ಕೂರ್ಸಿದ್ದು ಫಾರಂ ಮೊಟ್ಟೆಲಾ?'

ಯಾವತ್ತು ಎಂದು ಅವಳು ಕೇಳಲಿಲ್ಲ. 'ಊಂ. ನಾಟಿ ಮೊಟ್ಟೆನೆಲ್ಲ ನಿಮ್ಮಣ್ಣಂಗೆ ಹಾಲಿಗ್ ಒಡ್ದು ಕೊಟ್ಬುಟ್ಟಿದ್ದೆ. ಫಾರಂದ್ರಲ್ಲಿ ಶಕ್ತಿ ಇಲ್ಲ ಅಂತಿದ್ರು. ಮರಿಗೇನು, ಯಾವ್ದಾದ್ರೂ ಆಯ್ತದೆ ಅನ್ಕಂಡೆ. ಬಿಸಿಲಿಗ್ ಹಿಡುದ್ರೆ ಬೇರೆ ಮೊಟ್ಟೆ ಅಂತ ಗೊತ್ತಾಯ್ತದೆ ಅಂತ್ಲೇ ತಡ್ದಿದ್ದು. ನಿಮ್ಮಜ್ಜಿ ಒಡೆದಾಗ್ಲೇ ಮೊಟ್ಟೇದೇ ದೋಷ ಅಂತ ನಂಗೆ ಅನುಮಾನ ಬಂದಿದ್ದು.'

'ಆವಾಗ್ಲೇ ಹೇಳ್ಬಾರ್ದಿತ್ತಾ?'

'ಹೇಳಿದ್ರೆ ನಿಮ್ಮಜ್ಜಿ ನನ್ನ ಈ ಮನೇಲಿ ಇರಾಕ್ ಬುಡ್ತಿತ್ತಾ?' ಅವ್ವ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. 'ಸೌದೆ ಹಿಂದೆ ನಿನ್ ಬಟ್ಟೆ ನಾನು ಮೊದ್ಲೇ ನೋಡಿದ್ದೆ ಕಣೇ. ಪರೀಕ್ಷೆ ಬರ್ಕಳ್ಲಿ ಅಂತ ನಾನೂ ಸುಮ್ಕಿದ್ದೆ. ನೀನೇ ಒಪ್ಕಂಡ್ ಬುಡ್ತೀಯ ಅಂತ ನಂಗೇನ್ ಗೊತ್ತಿತ್ತು?'

ಜಗಳವಾಡಲೆಂದೇ ಬಸ್ ಹತ್ತಿ ಬಂದಿದ್ದೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮೊಟ್ಟೆ ಬದಲಿಸಿದ್ದಕ್ಕೆ ಬೈಯಬಹುದಿತ್ತು. ಆದರೆ ನನ್ನ ಓದು ಉಳಿಯಲೆಂದು ಬಯಸಿದವಳು ಆ ಮನೆಯಲ್ಲಿ ಇದ್ದಳು, ಅವಳು ಬೋಗುಣಿಯ ಪಕ್ಕದಲ್ಲೇ ನಿಂತಿದ್ದಳು, ನಾನು ಅಳುವುದನ್ನು ಕೇಳಿದಳು, ಬಾಯಿ ಬಿಡಲಿಲ್ಲ. ಅದಕ್ಕೆ ಏನೆಂದು ಬೈಯುವುದು? ಆಮೇಲೆ ಅವಳ ಕೈಯ ಊಟ ಉಂಡಿದ್ದೇನೆ, ಅವಳು ಹಾಸಿಗೆ ಹಿಡಿದಾಗ ನಾಲ್ಕು ತಿಂಗಳು ಹೇಸದೆ ಅವಳ ಚಾಕರಿ ಮಾಡಿದ್ದೇನೆ. ಕ್ಷಮಿಸಲು ಮಾತ್ರ ನನ್ನಿಂದ ಆಗಲಿಲ್ಲ.